ಇಂಟೆಲ್ಲೋ ಎಎಮ್‌ಡಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಡೆಸ್ಕ್‌ಟಾಪ್ ಜೋಡಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆಯೇ ಇದು. ಒಬ್ಬರು ಉತ್ತರ ಕೊಟ್ಟರೆ ಇನ್ನೊಂದು ಪಂಗಡದವರು ಮುಗಿಬೀಳುವುದೂ ಮಾಮೂಲು. ನನಗೆ ಪಂಗಡವಿಲ್ಲ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮಾಡುವ ಈ ಎರಡೂ ಕಂಪನಿಗಳ ಚಿಪ್ ಬಳಸಿದ್ದೇನೆ, ಎರಡನ್ನೂ ಬೈದುಕೊಂಡಿದ್ದೇನೆ. ಐವತ್ತು ವರ್ಷ ದಾಟಿದ ಈ ಪೈಪೋಟಿಯನ್ನು ನೋಡುತ್ತಾ ಬಂದವನಿಗೆ ಒಂದು ವಿಷಯ ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮುಂದೆ ಓಡುತ್ತಿರುವವನು ತಿರುಗಿ ನೋಡಿದಾಗ ಹಿಂದೆ ಯಾರೂ ಕಾಣದಿದ್ದರೆ ಅವನ ಹೆಜ್ಜೆ ನಿಧಾನವಾಗುತ್ತದೆ, ಬೆಲೆ ಮೇಲೇರುತ್ತದೆ. ಇಂಟೆಲ್ ಹಾಗೆ ಮಾಡಿದೆ. ಅವಕಾಶ ಸಿಕ್ಕಾಗ ಎಎಮ್‌ಡಿಯೂ ಮಾಡಿದೆ.

ಡೆಸ್ಕ್‌ಟಾಪ್ ಪ್ರೊಸೆಸರ್ ಅಂದರೆ ಎರಡೇ ಕಂಪನಿ ಯಾಕೆ? ಮೂರನೆಯವರು ಯಾರೂ ಇಲ್ಲವೇ?

ಇದ್ದರು. 1990ರ ದಶಕದಲ್ಲಿ ಸೈರಿಕ್ಸ್, ನೆಕ್ಸ್‌ಜೆನ್, ಐಡಿಟಿ ಎಲ್ಲವೂ ಪಿಸಿಗೆ ಚಿಪ್ ಮಾಡುತ್ತಿದ್ದವು. ಸೈರಿಕ್ಸ್‌ನ 6ಎಕ್ಸ್86 ಕಚೇರಿ ಕೆಲಸಕ್ಕೆ ಚುರುಕಾಗಿತ್ತು. ಆದರೆ ದಶಮಾಂಶ ಲೆಕ್ಕದಲ್ಲಿ ದುರ್ಬಲ. ಆಗಷ್ಟೇ ಬಂದ 3ಡಿ ಆಟಗಳಿಗೆ ಬೇಕಾಗಿದ್ದೇ ಆ ಲೆಕ್ಕ. 1997ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಅದನ್ನು ಕೊಂಡಿತು, 1999ರಲ್ಲಿ ವಿಯಾ ಕೈಗೆ ಹೋಯಿತು. ನೆಕ್ಸ್‌ಜೆನ್ ಅನ್ನು ಎಎಮ್‌ಡಿಯೇ ಕೊಂಡು, ಅದರ ವಿನ್ಯಾಸದ ಮೇಲೆ 1997ರಲ್ಲಿ ಕೆ6 ತಂದಿತು.

ಹೊಸಬರು ಬರದಿರುವುದಕ್ಕೆ ದೊಡ್ಡ ಕಾರಣ ಪೇಟೆಂಟ್ ಮತ್ತು ಪರವಾನಗಿ. ವಿಂಡೋಸ್‌ನ ಹಳೆಯ, ಹೊಸ ತಂತ್ರಾಂಶಗಳೆಲ್ಲ ನಂಬಿಕೊಂಡಿರುವುದು ಎಕ್ಸ್86 ಎಂಬ ಆದೇಶಗಳ ಭಾಷೆಯನ್ನು. ಅದು ಇಂಟೆಲ್‌ನ ಸೃಷ್ಟಿ. ಅದರ 64 ಬಿಟ್ ವಿಸ್ತರಣೆ ಎಎಮ್‌ಡಿಯದು. ಇಬ್ಬರೂ ಪರಸ್ಪರ ಪರವಾನಗಿ ಕೊಟ್ಟುಕೊಂಡು ಕೂತಿದ್ದಾರೆ. ಎರಡರಲ್ಲಿ ಒಂದು ಕಂಪನಿಯ ಒಡೆತನ ಬದಲಾದರೂ ಆ ಒಪ್ಪಂದ ಮುರಿಯುತ್ತದೆ ಎಂಬ ಷರತ್ತು ಅದರಲ್ಲಿದೆ. ಹಾಗಾಗಿ ಹಣವಿದ್ದವರು ಯಾರೋ ಬಂದು ಒಂದನ್ನು ಕೊಂಡುಬಿಡುವುದೂ ಸಲೀಸಲ್ಲ.

ಎಎಮ್‌ಡಿ ಶುರುವಾದದ್ದೇ ಇಂಟೆಲ್ ಚಿಪ್ ನಕಲು ಮಾಡಿ, ನಿಜವೇ?

ಅರ್ಧ ನಿಜ. ನಕಲು ಮಾಡಿದ್ದು ಹೌದು, ಕದ್ದದ್ದಲ್ಲ.

ಎರಡೂ ಕಂಪನಿ ಒಂದೇ ಮನೆಯಿಂದ ಹೊರಬಿದ್ದವು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಬಿಟ್ಟು ಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಟ್ಟಿದರು. ಅಲ್ಲೇ ಮಾರಾಟ ವಿಭಾಗದಲ್ಲಿದ್ದ ಜೆರ್ರಿ ಸ್ಯಾಂಡರ್ಸ್ ಏಳು ಮಂದಿ ಜೊತೆಗಾರರೊಡನೆ 1969ರ ಮೇ 1ರಂದು ಎಎಮ್‌ಡಿ ಶುರುಮಾಡಿದರು. ಒಂದು ವಿಜ್ಞಾನಿಗಳ ಕಂಪನಿ, ಇನ್ನೊಂದು ಮಾರಾಟಗಾರನ ಕಂಪನಿ ಎಂಬ ಹಣೆಪಟ್ಟಿ ಬಹಳ ಕಾಲ ಉಳಿಯಿತು.

1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಆರಿಸಿಕೊಂಡಾಗ, ಒಬ್ಬನೇ ಪೂರೈಕೆದಾರನನ್ನು ನೆಚ್ಚಿಕೊಳ್ಳಲು ಒಪ್ಪಲಿಲ್ಲ. ಅದೇ ಚಿಪ್ ಮಾಡುವ ಎರಡನೇ ಕಾರ್ಖಾನೆಯೂ ಇರಬೇಕು ಎಂಬುದು ಅದರ ಹಟ. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಮ್‌ಡಿ ತಂತ್ರಜ್ಞಾನ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. 8086, 8088, 80286 ಎಲ್ಲವನ್ನೂ ಎಎಮ್‌ಡಿ ಕಾನೂನುಬದ್ಧವಾಗಿಯೇ ತಯಾರಿಸಿತು. 1985ರಲ್ಲಿ 386 ಬಂದಾಗ ಇಂಟೆಲ್ ಮನಸ್ಸು ಬದಲಿಸಿತು. ಇಷ್ಟು ಲಾಭದ ವಸ್ತುವನ್ನು ಹಂಚಿಕೊಳ್ಳುವುದು ಏಕೆ? ವಿವರ ಕೊಡಲಿಲ್ಲ. ಎಎಮ್‌ಡಿ ಮಧ್ಯಸ್ಥಿಕೆ, ಕೋರ್ಟು ಎಂದು ಅಲೆಯಿತು. ಜೊತೆಗೇ ತನ್ನದೇ ಶ್ರಮದಿಂದ 386ಕ್ಕೆ ಹೊಂದುವ ಚಿಪ್ ಮಾಡಿ 1991ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೂಲಕ್ಕಿಂತ ವೇಗ, ಬೆಲೆಯೂ ಕಡಿಮೆ. ವ್ಯಾಜ್ಯ ಪೂರ್ತಿ ಬಗೆಹರಿದದ್ದು 1995ರಲ್ಲಿ.

ಇಂಟೆಲ್ 486 ಆದಮೇಲೆ 586 ಅನ್ನದೆ ಪೆಂಟಿಯಂ ಅಂದದ್ದೇಕೆ?

ಬರೀ ಅಂಕಿಯನ್ನು ಟ್ರೇಡ್‌ಮಾರ್ಕ್ ಮಾಡಲು ಕೋರ್ಟು ಬಿಡಲಿಲ್ಲ. ಎಎಮ್‌ಡಿ, ಸೈರಿಕ್ಸ್ ಯಾರು ಬೇಕಾದರೂ 386, 486 ಎಂದು ಬರೆದುಕೊಳ್ಳಬಹುದಿತ್ತು. ಅದಕ್ಕೇ 1993ರಲ್ಲಿ ಹೊಸ ಪದವನ್ನೇ ಹುಟ್ಟಿಸಿದರು.

ಗಿಗಾಹರ್ಟ್ಸ್ ಜಾಸ್ತಿ ಇದ್ದರೆ ವೇಗವೂ ಜಾಸ್ತಿ, ಸರಿ ತಾನೇ?

ತಪ್ಪು. ಆದರೆ ಹಾಗೆ ನಂಬಿದವರದ್ದಲ್ಲ ಆ ತಪ್ಪು. ಕಂಪನಿಗಳೇ ವರ್ಷಗಟ್ಟಲೆ ಹಾಗೆ ನಂಬಿಸಿದವು. ನಾನೂ ಒಂದು ಕಾಲದಲ್ಲಿ ಡಬ್ಬದ ಮೇಲಿನ ಆ ಒಂದು ಸಂಖ್ಯೆ ನೋಡಿಯೇ ಕೊಂಡವನು.

ಗಿಗಾಹರ್ಟ್ಸ್ ಹೇಳುವುದು ಗಡಿಯಾರದ ಬಡಿತವನ್ನು, ಸೆಕೆಂಡಿಗೆ ಎಷ್ಟು ನೂರು ಕೋಟಿ ಬಾರಿ ಎಂದು. ಪ್ರತಿ ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಪುಟ್ಟ ಹೆಜ್ಜೆಗಳನ್ನು ಚಕಚಕ ಇಡುವವನೂ ದೊಡ್ಡ ಹೆಜ್ಜೆಗಳನ್ನು ನಿಧಾನವಾಗಿ ಇಡುವವನೂ ಒಟ್ಟಿಗೇ ಊರು ಮುಟ್ಟಬಹುದು.

1999ರಲ್ಲಿ ಅಥ್ಲಾನ್ ಬಂದಾಗ ಎಎಮ್‌ಡಿ ಮೊದಲ ಸಲ ನಕಲುಗಾರನ ಪಟ್ಟ ಕಳಚಿಕೊಂಡಿತು. 2000ದ ಮಾರ್ಚ್ 6ರಂದು 1 ಗಿಗಾಹರ್ಟ್ಸ್ ಗಡಿಯನ್ನು ಮೊದಲು ಮುಟ್ಟಿದ್ದೂ ಅದೇ. ಇಂಟೆಲ್ ಎರಡು ದಿನ ತಡವಾಗಿ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ಘೋಷಿಸಿತು. ಆ ಅವಸರ ಎಷ್ಟಿತ್ತೆಂದರೆ, ಅದೇ ವರ್ಷ ಬಿಟ್ಟ 1.13 ಗಿಗಾಹರ್ಟ್ಸ್ ಚಿಪ್ ಸ್ಥಿರವಾಗಿ ಕೆಲಸ ಮಾಡದೆ ಆಗಸ್ಟಿನಲ್ಲಿ ವಾಪಸ್ ಪಡೆಯಬೇಕಾಯಿತು.

ಆಮೇಲೆ ಬಂದ ಪೆಂಟಿಯಂ 4 ಈ ಸಂಖ್ಯೆಯ ಓಟಕ್ಕೆಂದೇ ಕಟ್ಟಿದ ಯಂತ್ರ. ಒಂದೊಂದು ಆದೇಶವನ್ನೂ ಇಪ್ಪತ್ತು ಹಂತಗಳಾಗಿ ಒಡೆದರೆ ಪ್ರತಿ ಹಂತ ಚಿಕ್ಕದಾಗುತ್ತದೆ, ಬಡಿತ ಏರಿಸಬಹುದು. ಆದರೆ ಮುಂದಿನ ದಾರಿ ಯಾವುದೆಂಬ ಊಹೆ ತಪ್ಪಿದರೆ ಅಷ್ಟೂ ಹಂತಗಳ ಕೆಲಸ ನೀರಿನಲ್ಲಿ ಹೋಮ. ಮೊದಲ 1.5 ಗಿಗಾಹರ್ಟ್ಸ್ ಪೆಂಟಿಯಂ 4 ಕೆಲವು ಪರೀಕ್ಷೆಗಳಲ್ಲಿ 1 ಗಿಗಾಹರ್ಟ್ಸ್ ಪೆಂಟಿಯಂ 3ಕ್ಕಿಂತ ಹಿಂದೆ ಬಿತ್ತು. ಗಡಿಯಾರದಲ್ಲಿ ಹಿಂದಿದ್ದ ಎಎಮ್‌ಡಿ ಬೇರೆ ಉಪಾಯ ಹೂಡಿತು: 1.53 ಗಿಗಾಹರ್ಟ್ಸ್ ಚಿಪ್‌ಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟಿತು. ಸಂಖ್ಯೆ ನೋಡಿ ಕೊಳ್ಳುವವರಿಗೆ ಸಂಖ್ಯೆಯನ್ನೇ ಕೊಟ್ಟಂತಾಯಿತು.

2004ರಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಂ 4ರಲ್ಲಿ ಹಂತಗಳು 31ಕ್ಕೇರಿದವು. ಬಿಸಿ ತಡೆಯಲಾಗದೆ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಇಂಟೆಲ್ ಆ ವರ್ಷ ಕೈಬಿಟ್ಟಿತು. ಕೊನೆಗೆ ಅದನ್ನು ಉಳಿಸಿದ್ದು ಇಸ್ರೇಲಿನ ತಂಡವೊಂದು ಲ್ಯಾಪ್‌ಟಾಪಿಗೆಂದು ಮಾಡಿದ್ದ ಪೆಂಟಿಯಂ ಎಂ. ಅದರ ವಂಶದಲ್ಲೇ 2006ರ ಕೋರ್ 2 ಡುಯೊ ಹುಟ್ಟಿದ್ದು. ಬಡಿತ ಕಡಿಮೆ, ಕೆಲಸ ಜಾಸ್ತಿ.

ಈಗಲೂ ಒಂದೇ ಕಂಪನಿಯ ಒಂದೇ ತಲೆಮಾರಿನ ಎರಡು ಚಿಪ್‌ಗಳ ನಡುವೆ ಹೋಲಿಸಲು ಗಿಗಾಹರ್ಟ್ಸ್ ಉಪಯೋಗಕ್ಕೆ ಬರುತ್ತದೆ. ಅದರಾಚೆ ಬೇಡ.

ನನ್ನದು ಇಂಟೆಲ್ ಕಂಪ್ಯೂಟರ್. ಲಿನಕ್ಸ್ ಇಳಿಸಲು ಹೋದರೆ «ಎಎಮ್‌ಡಿ64» ಎಂದು ತೋರಿಸುತ್ತಿದೆ. ತಪ್ಪು ಫೈಲೇ?

ಸರಿಯಾದ ಫೈಲೇ, ಹಾಕಿಕೊಳ್ಳಿ. ಆ ಹೆಸರು ಒಂದು ಹಳೆಯ ಸೋಲಿನ ಗುರುತು.

32 ಬಿಟ್‌ನಿಂದ 64ಕ್ಕೆ ಹೋಗಬೇಕಾದಾಗ ಇಂಟೆಲ್ ಎಕ್ಸ್86 ಅನ್ನೇ ಬದಿಗಿಟ್ಟು ಐಟೇನಿಯಂ ಎಂಬ ಪೂರ್ತಿ ಹೊಸ ದಾರಿ ಹಿಡಿಯಿತು. ಹಳೆಯ ತಂತ್ರಾಂಶ ಅದರಲ್ಲಿ ಕುಂಟುತ್ತಿತ್ತು. ಎಎಮ್‌ಡಿ ಹಳೆಯದಕ್ಕೇ 64 ಬಿಟ್ ಸೇರಿಸಿ 2003ರಲ್ಲಿ ಆಪ್ಟೆರಾನ್, ಅಥ್ಲಾನ್ 64 ತಂದಿತು. ಹಳೆಯ ಪ್ರೋಗ್ರಾಂಗಳು ಹಾಗೆಯೇ ಓಡಿದವು. ಮರುವರ್ಷವೇ ಇಂಟೆಲ್ ಅದಕ್ಕೆ ಹೊಂದುವ ಚಿಪ್ ಮಾಡಬೇಕಾಯಿತು. ಒಂದು ಕಾಲದ ನಕಲುಗಾರನ ವಿನ್ಯಾಸವನ್ನು ಮೂಲದವನೇ ಅನುಸರಿಸಿದ ಗಳಿಗೆ ಅದು.

ಅಷ್ಟು ಒಳ್ಳೆಯ ಚಿಪ್ ಇದ್ದೂ ಆಗ ಎಎಮ್‌ಡಿ ಮಾರುಕಟ್ಟೆ ಗೆಲ್ಲಲಿಲ್ಲವೇಕೆ?

ಅಂಗಡಿಯ ಕಪಾಟಿಗೆ ತಲುಪದ ಚಿಪ್ ಎಷ್ಟು ಚೆನ್ನಾಗಿದ್ದರೇನು?

2005ರಲ್ಲಿ ಎಎಮ್‌ಡಿ ಅಮೆರಿಕದ ಡೆಲವೇರ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕಂಪ್ಯೂಟರ್ ತಯಾರಕರು ತನ್ನ ಚಿಪ್ ಕೊಳ್ಳದಂತೆ ಇಂಟೆಲ್ ರಿಯಾಯಿತಿಯ ಆಮಿಷವನ್ನೂ ಬೆದರಿಕೆಯನ್ನೂ ಬಳಸುತ್ತಿದೆ ಎಂಬುದು ಅದರ ದೂರು. ಆ ದೂರಿನಲ್ಲಿರುವ ಒಂದು ಪ್ರಸಂಗ ಮರೆಯುವಂಥದ್ದಲ್ಲ: ಎಚ್‌ಪಿಗೆ ಹತ್ತು ಲಕ್ಷ ಚಿಪ್‌ಗಳನ್ನು ಪುಕ್ಕಟೆಯಾಗಿ ಕೊಡುತ್ತೇವೆ ಎಂದರೂ, ಇಂಟೆಲ್ ಮುನಿಸಿಕೊಂಡೀತೆಂಬ ಭಯದಿಂದ ಅದು ತೆಗೆದುಕೊಂಡದ್ದು 1,60,000 ಮಾತ್ರವಂತೆ. ಡೆಲ್ 2006ರವರೆಗೆ ಎಎಮ್‌ಡಿ ಚಿಪ್‌ನ ಕಂಪ್ಯೂಟರ್ ಮಾರಿರಲೇ ಇಲ್ಲ.

2009ರ ನವೆಂಬರಿನಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷ ಯುರೋಪಿಯನ್ ಕಮಿಷನ್ 106 ಕೋಟಿ ಯೂರೊ ದಂಡ ಹಾಕಿತು. ಆ ದಂಡದ ಕಥೆ ಮುಗಿಯದ ಧಾರಾವಾಹಿ. 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು, 2023ರಲ್ಲಿ ಕಮಿಷನ್ ಪ್ರಕರಣದ ಒಂದು ಭಾಗಕ್ಕಷ್ಟೇ ಸುಮಾರು 37.6 ಕೋಟಿ ಯೂರೊ ಮತ್ತೆ ವಿಧಿಸಿತು, 2024ರಲ್ಲಿ ಮೇಲಿನ ನ್ಯಾಯಾಲಯ ರದ್ದತಿಯನ್ನು ಎತ್ತಿಹಿಡಿಯಿತು.

ಎಲ್ಲ ತಪ್ಪನ್ನೂ ಎದುರಾಳಿಯ ತಲೆಗೆ ಕಟ್ಟುವುದೂ ಸರಿಯಲ್ಲ. 2006ರಲ್ಲಿ ಎಎಮ್‌ಡಿ 540 ಕೋಟಿ ಡಾಲರ್ ಸುರಿದು ಗ್ರಾಫಿಕ್ಸ್ ಕಂಪನಿ ಎಟಿಐ ಕೊಂಡಿತು, ಸಾಲದ ಹೊರೆ ಹೊತ್ತಿತು. ಇಂಟೆಲ್‌ನ ಕೋರ್ 2 ಬಂದು ಅಪ್ಪಳಿಸಿದ್ದೂ ಅದೇ ವರ್ಷ. ಗಂಡಸಾದವನಿಗೆ ಸ್ವಂತ ಚಿಪ್ ಕಾರ್ಖಾನೆ ಇರಬೇಕು ಎನ್ನುತ್ತಿದ್ದವರು ಜೆರ್ರಿ ಸ್ಯಾಂಡರ್ಸ್. 2009ರಲ್ಲಿ ಅವರು ಕಟ್ಟಿದ ಕಂಪನಿ ಕಾರ್ಖಾನೆಗಳನ್ನು ಬೇರ್ಪಡಿಸಿ ಗ್ಲೋಬಲ್‌ಫೌಂಡ್ರೀಸ್ ಎಂದು ಬಿಟ್ಟುಕೊಟ್ಟಿತು.

ಬುಲ್‌ಡೋಜರ್ ಎಂದರೆ ಎಲ್ಲರೂ ನಗುವುದೇಕೆ?

2011ರ ಅಕ್ಟೋಬರಿನಲ್ಲಿ ಬಂದ ಎಎಮ್‌ಡಿ ಎಫ್‌ಎಕ್ಸ್ ಸರಣಿ ಅದು. ಡಬ್ಬದ ಮೇಲೆ ಎಂಟು ಕೋರ್, ಅಂದರೆ ತಾನೇ ಲೆಕ್ಕ ಮಾಡಬಲ್ಲ ಎಂಟು ಘಟಕ. ಒಳಗೆ ನಾಲ್ಕು ಜೋಡಿ. ಪ್ರತಿ ಜೋಡಿಯೂ ಆದೇಶ ಬಿಡಿಸುವ ಭಾಗವನ್ನೂ ದಶಮಾಂಶ ಲೆಕ್ಕದ ಘಟಕವನ್ನೂ ಹಂಚಿಕೊಳ್ಳುತ್ತಿತ್ತು. ತಂತ್ರಾಂಶಗಳು ಹಲವು ಕೋರ್‌ಗಳನ್ನು ದುಡಿಸಿಕೊಳ್ಳುವ ಕಾಲ ಬೇಗ ಬರುತ್ತದೆ ಎಂದು ಎಎಮ್‌ಡಿ ಎಣಿಸಿತ್ತು. ಬರಲಿಲ್ಲ. ಒಂಟಿ ಕೋರ್‌ನ ಕೆಲಸದಲ್ಲಿ ಅದು ಕೆಲವೆಡೆ ತನ್ನದೇ ಹಿಂದಿನ ಫಿನಾಮ್‌ಗಿಂತ ಹಿಂದೆ ಬಿತ್ತು. ಇದು ನಿಜಕ್ಕೂ ಎಂಟು ಕೋರೇ ಎಂಬ ಜಗಳ ಕೋರ್ಟಿಗೆ ಹೋಗಿ 2019ರಲ್ಲಿ 1.21 ಕೋಟಿ ಡಾಲರ್ ಪರಿಹಾರದಲ್ಲಿ ಮುಗಿಯಿತು.

ನಗುವವರು ಒಂದನ್ನು ಮರೆಯುತ್ತಾರೆ. ಆ ಚಿಪ್ ಸೋತದ್ದರ ಬೆಲೆ ತೆತ್ತವರು ಇಂಟೆಲ್ ಕೊಂಡವರೂ ಹೌದು. ಮುಂದಿನ ಪ್ರಶ್ನೆ ನೋಡಿ.

ಇಂಟೆಲ್ ಹತ್ತು ವರ್ಷ ನಾಲ್ಕೇ ಕೋರ್ ಕೊಟ್ಟಿತು ಎನ್ನುತ್ತಾರಲ್ಲ?

ಸಾಮಾನ್ಯರ ಡೆಸ್ಕ್‌ಟಾಪ್ ಮಟ್ಟಿಗೆ ಅಕ್ಷರಶಃ ನಿಜ. 2007ರ ಜನವರಿಯ ಕೋರ್ 2 ಕ್ವಾಡ್ ಕ್ಯೂ6600 ನಾಲ್ಕು ಕೋರ್. 2017ರ ಜನವರಿಯ ಕೋರ್ ಐ7-7700ಕೆ ಕೂಡ ನಾಲ್ಕೇ. ಆರು, ಎಂಟು ಬೇಕೆಂದರೆ ಬೇರೆ ಮದರ್‌ಬೋರ್ಡ್, ಬೇರೆ ಬೆಲೆ. ಎಂಟು ಕೋರ್‌ನ ಐ7-6900ಕೆ ಬೆಲೆ ಸಾವಿರ ಡಾಲರ್ ದಾಟಿತ್ತು. ಪ್ರತಿ ಕೋರ್ ವರ್ಷವರ್ಷ ಸ್ವಲ್ಪ ಸ್ವಲ್ಪ ಸುಧಾರಿಸಿದ್ದು ಹೌದು, 2011ರ ಸ್ಯಾಂಡಿ ಬ್ರಿಡ್ಜ್ ಅಂತೂ ದೊಡ್ಡ ಜಿಗಿತವೇ. ಆಮೇಲೆ ನಡೆದದ್ದು ಆಮೆ ನಡಿಗೆ. ಸ್ಯಾಂಡಿ ಬ್ರಿಡ್ಜ್ ಕೊಂಡವರು ಐದಾರು ವರ್ಷ ಬದಲಿಸುವ ಕಾರಣವೇ ಕಾಣದೆ ಕೂತಿದ್ದರು.

ಈ ಹತ್ತು ವರ್ಷದ ಕಥೆಗೆ ಸಿಕ್ಕ ತಿರುವು ನೋಡಿ. 2017ರ ಮಾರ್ಚ್ 2ರಂದು ಎಎಮ್‌ಡಿ ಎಂಟು ಕೋರ್‌ನ ರೈಜೆನ್ 7 1800ಎಕ್ಸ್ ಅನ್ನು 499 ಡಾಲರಿಗೆ ಬಿಟ್ಟಿತು. ಅದೇ ಅಕ್ಟೋಬರಿನಲ್ಲಿ ಇಂಟೆಲ್ ಆರು ಕೋರ್‌ನ 8700ಕೆ ತಂದಿತು, ಮರುವರ್ಷ ಎಂಟು ಕೋರ್‌ನ 9900ಕೆ. ಹತ್ತು ವರ್ಷ ಆಗದಿದ್ದದ್ದು ಹತ್ತೊಂಬತ್ತು ತಿಂಗಳಲ್ಲಿ ದುಪ್ಪಟ್ಟಾಯಿತು. ಬೇರೆ ಸಾಕ್ಷಿ ಬೇಕೇ?

ರೈಜೆನ್‌ನಲ್ಲಿ ಅಂಥದ್ದೇನಿತ್ತು?

ಮೊದಲನೆಯದು, ಹಳೆಯದನ್ನು ತೇಪೆ ಹಾಕದೆ ಬಿಸಾಡಿದ್ದು. 2012ರಲ್ಲಿ ಚಿಪ್ ವಿನ್ಯಾಸಕಾರ ಜಿಮ್ ಕೆಲ್ಲರ್ ಎಎಮ್‌ಡಿಗೆ ಮರಳಿ ಬಂದರು, 2014ರಲ್ಲಿ ಲಿಸಾ ಸು ಮುಖ್ಯಸ್ಥೆಯಾದರು. 2015ರಲ್ಲಿ ಷೇರು ಎರಡು ಡಾಲರಿಗಿಂತ ಕೆಳಗಿತ್ತು. ಕಂಪನಿ ಬದುಕುತ್ತದೋ ಇಲ್ಲವೋ ಎಂಬ ಮಾತು ನಡೆಯುತ್ತಿದ್ದ ಕಾಲ. ಆಗ ಕಟ್ಟಿದ ಜೆನ್ ಕೋರ್ ಪ್ರತಿ ಬಡಿತಕ್ಕೆ ಹಿಂದಿನದಕ್ಕಿಂತ ಶೇ. 52ರಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಎಎಮ್‌ಡಿ ಹೇಳಿಕೊಂಡಿತು.

ಎರಡನೆಯದೇ ನನ್ನ ಪ್ರಕಾರ ದೊಡ್ಡದು: ಚಿಪ್‌ಲೆಟ್. ಸಿಲಿಕಾನ್ ಬಿಲ್ಲೆಯ ಮೇಲೆ ಅಲ್ಲಲ್ಲಿ ದೋಷಗಳಿದ್ದೇ ಇರುತ್ತವೆ. ಚಿಪ್ ದೊಡ್ಡದಾದಷ್ಟೂ ಅದರಲ್ಲೊಂದು ದೋಷ ಸಿಕ್ಕಿಬೀಳುವ ಸಂಭವ ಹೆಚ್ಚು, ಇಡೀ ಚಿಪ್ ಕಸ. ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿದರೆ ಕೆಟ್ಟ ತುಂಡನ್ನಷ್ಟೇ ಎಸೆಯಬಹುದು. 2019ರ ಜುಲೈನ ರೈಜೆನ್ 3000 ಸರಣಿಯಲ್ಲಿ ಎಂಟೆಂಟು ಕೋರ್‌ಗಳ ತುಂಡುಗಳನ್ನು ತೈವಾನಿನ ಚಿಪ್ ಕಾರ್ಖಾನೆ ಟಿಎಸ್‌ಎಂಸಿಯ 7 ನ್ಯಾನೊಮೀಟರ್ ವಿಧಾನದಲ್ಲಿ ಮಾಡಿ, ಮೆಮೊರಿ ಮುಂತಾದವಕ್ಕೆ ಸಂಪರ್ಕ ಕೊಡುವ ತುಂಡನ್ನು ಹಳೆಯ, ಅಗ್ಗದ ವಿಧಾನದಲ್ಲಿ ಮಾಡಿ ಒಂದೇ ಹಲಗೆಯ ಮೇಲೆ ಕೂರಿಸಿದರು. ಎರಡು ತುಂಡು ಇಟ್ಟರೆ ಹದಿನಾರು ಕೋರ್. ಅದೇ ತುಂಡುಗಳನ್ನು ಇನ್ನಷ್ಟು ಸೇರಿಸಿದರೆ ಸರ್ವರ್ ಚಿಪ್.

ಇಲ್ಲೊಂದು ತಮಾಷೆ. ಜೆನ್ ಕೋರ್ ಇರುವ ಎಎಮ್‌ಡಿಯ ಮೊದಲ ಸರ್ವರ್ ಚಿಪ್ ಬಂದಾಗ, ಡೆಸ್ಕ್‌ಟಾಪ್ ತುಂಡುಗಳನ್ನು ಅಂಟು ಹಾಕಿ ಜೋಡಿಸಿದ್ದಾರೆ ಎಂದು ಇಂಟೆಲ್ ತನ್ನ ಸ್ಲೈಡುಗಳಲ್ಲಿ ಗೇಲಿ ಮಾಡಿತ್ತು. 2024ರ ಇಂಟೆಲ್ ಕೋರ್ ಅಲ್ಟ್ರಾ 200ಎಸ್ ಕೂಡ ಬೇರೆ ಬೇರೆ ತುಂಡುಗಳ ಜೋಡಣೆಯೇ. ಹಾಗೆಂದು ಎಎಮ್‌ಡಿ ಸಾಚಾ ಅಲ್ಲ. 2007ರ ಸುಮಾರಿಗೆ ಎರಡು ತುಂಡು ಸೇರಿಸಿ ಕೋರ್ 2 ಕ್ವಾಡ್ ಮಾಡಿದ್ದು ಇಂಟೆಲ್. ನಮ್ಮ ಫಿನಾಮ್ ಮಾತ್ರ ಅಪ್ಪಟ ನಾಲ್ಕು ಕೋರ್ ಎಂದು ಆಗ ಬೀಗಿದ್ದು ಎಎಮ್‌ಡಿ. ಅಪ್ಪಟವಾದದ್ದೇ ಸೋತಿತು.

7 ನ್ಯಾನೊಮೀಟರ್, 10 ನ್ಯಾನೊಮೀಟರ್: ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದೇ?

ಒಂದೇ ಕಾರ್ಖಾನೆಯೊಳಗೆ ಹೌದು. ಬೇರೆ ಬೇರೆ ಕಾರ್ಖಾನೆಗಳ ನಡುವೆ ಹೋಲಿಸಬೇಡಿ. ಆ ಸಂಖ್ಯೆ ಈಗ ಚಿಪ್‌ನ ಒಳಗಿನ ಯಾವ ಭಾಗದ ಅಳತೆಯೂ ಅಲ್ಲ, ಬರೀ ಹೆಸರು. 2021ರಲ್ಲಿ ಇಂಟೆಲ್ ತನ್ನ 10 ನ್ಯಾನೊಮೀಟರ್‌ನ ಸುಧಾರಿತ ರೂಪಕ್ಕೆ «ಇಂಟೆಲ್ 7» ಎಂದು ಮರುನಾಮಕರಣವನ್ನೇ ಮಾಡಿತು.

ಆದರೆ ಸಂಖ್ಯೆಯ ಹಿಂದೆ ಇರುವ ಕಾರ್ಖಾನೆಯ ಓಟವೇ ಈ ಪೈಪೋಟಿಯ ನಿಜವಾದ ಕಣ. ಇಂಟೆಲ್ ದಶಕಗಳ ಕಾಲ ಗೆದ್ದದ್ದು ವಿನ್ಯಾಸದಿಂದ ಮಾತ್ರವಲ್ಲ, ಎಲ್ಲರಿಗಿಂತ ಮುಂದಿದ್ದ ಕಾರ್ಖಾನೆಗಳಿಂದ. ಅದರ 10 ನ್ಯಾನೊಮೀಟರ್ ವರ್ಷಗಟ್ಟಲೆ ತಡವಾಯಿತು. 2015ರ ಸ್ಕೈಲೇಕ್‌ನಿಂದ 2021ರ ರಾಕೆಟ್ ಲೇಕ್‌ವರೆಗೆ ಡೆಸ್ಕ್‌ಟಾಪ್ ಚಿಪ್‌ಗಳೆಲ್ಲ 14 ನ್ಯಾನೊಮೀಟರ್‌ನಲ್ಲೇ ತಿರುಗಿದವು. ಅತ್ತ ಗ್ಲೋಬಲ್‌ಫೌಂಡ್ರೀಸ್ 2018ರಲ್ಲಿ 7 ನ್ಯಾನೊಮೀಟರ್ ಪ್ರಯತ್ನ ಕೈಬಿಟ್ಟಾಗ ಎಎಮ್‌ಡಿ ತೈವಾನಿನ ಟಿಎಸ್‌ಎಂಸಿಯತ್ತ ಪೂರ್ತಿ ವಾಲಿತು. ಕಾರ್ಖಾನೆ ಕಳೆದುಕೊಂಡದ್ದೇ ಅದಕ್ಕೆ ವರವಾಯಿತು. ಯಾರ ಕಾರ್ಖಾನೆ ಚೆನ್ನಾಗಿದೆಯೋ ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು. ಕೋರ್ ಅಲ್ಟ್ರಾ 200ಎಸ್‌ನ ಕೋರ್‌ಗಳಿರುವ ತುಂಡನ್ನು ಇಂಟೆಲ್ ಕೂಡ ಮಾಡಿಸಿದ್ದು ಟಿಎಸ್‌ಎಂಸಿಯಲ್ಲೇ.

ಇಂಟೆಲ್‌ನಲ್ಲಿ 24 ಕೋರ್, ಎಎಮ್‌ಡಿಯಲ್ಲಿ 16. ಇಂಟೆಲ್ಲೇ ವಾಸಿಯಲ್ಲವೇ?

ಕೋರ್ ಎಂಬ ಪದ ಎರಡೂ ಕಡೆ ಒಂದೇ ಅರ್ಥ ಕೊಡುವುದಿಲ್ಲ. 2021ರ 12ನೇ ತಲೆಮಾರಿನಿಂದ ಇಂಟೆಲ್ ಎರಡು ಬಗೆಯ ಕೋರ್ ಬೆರೆಸುತ್ತಿದೆ. ಪಿ ಕೋರ್ ದೊಡ್ಡದು, ವೇಗದ್ದು. ಇ ಕೋರ್ ಚಿಕ್ಕದು, ಕಡಿಮೆ ಜಾಗದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹಿಡಿಸುತ್ತದೆ. 24 ಎಂದರೆ 8 ಪಿ, 16 ಇ. ಎಎಮ್‌ಡಿಯ ಹದಿನಾರೂ ದೊಡ್ಡವೇ, ಪ್ರತಿಯೊಂದೂ ಒಟ್ಟಿಗೇ ಎರಡು ಥ್ರೆಡ್, ಅಂದರೆ ಕೆಲಸದ ಎರಡು ಎಳೆ, ನಡೆಸುತ್ತದೆ. ವಿಡಿಯೊ ರೆಂಡರ್‌ನಂಥ ಕೆಲಸದಲ್ಲಿ ಇಬ್ಬರೂ ಹತ್ತಿರ ಹತ್ತಿರ ಬರುತ್ತಾರೆ. ಕೋರ್ ಎಣಿಸಿ ಕೊಳ್ಳುವುದು ಗಿಗಾಹರ್ಟ್ಸ್ ನೋಡಿ ಕೊಂಡ ಹಳೆಯ ತಪ್ಪಿನ ಹೊಸ ಆವೃತ್ತಿ.

ಆಟಕ್ಕೆ ಎಕ್ಸ್3ಡಿ ಚಿಪ್ಪೇ ಬೇಕು ಎನ್ನುತ್ತಾರೆ. ಅದೇನು ಮಾಯೆ?

ಮಾಯೆಯಲ್ಲ, ದೊಡ್ಡ ಕ್ಯಾಶ್, ಅಂದರೆ ಚಿಪ್‌ನಲ್ಲೇ ಇರುವ ವೇಗದ ಮೆಮೊರಿ. ಪ್ರೊಸೆಸರ್‌ಗೆ ಬೇಕಾದ ಮಾಹಿತಿ ಪಕ್ಕದಲ್ಲೇ ಇದ್ದರೆ ತಕ್ಷಣ ಸಿಗುತ್ತದೆ, ರ‍್ಯಾಮ್‌ಗೆ ಹೋಗಿ ತರಬೇಕಾದರೆ ಆ ಹೊತ್ತಿನಲ್ಲಿ ಕೋರ್ ಸುಮ್ಮನೆ ಕಾಯುತ್ತದೆ. ಆಟಗಳಲ್ಲಿ ಮುಂದೆ ಏನು ಬೇಕಾಗುತ್ತದೆಂದು ಊಹಿಸುವುದು ಕಷ್ಟ. ಹಾಗಾಗಿ ಈ ಕಾಯುವಿಕೆ ಜಾಸ್ತಿ. 2022ರ ಏಪ್ರಿಲ್‌ನ ರೈಜೆನ್ 7 5800ಎಕ್ಸ್3ಡಿಯಲ್ಲಿ ಎಎಮ್‌ಡಿ 64 ಎಂಬಿ ಹೆಚ್ಚುವರಿ ಕ್ಯಾಶ್ ತುಂಡನ್ನು ಚಿಪ್‌ನ ಮೇಲೆಯೇ ಮಹಡಿಯಂತೆ ಕೂರಿಸಿ ಒಟ್ಟು 96 ಎಂಬಿ ಮಾಡಿತು. ಗಡಿಯಾರ ಸಾದಾ 5800ಎಕ್ಸ್‌ಗಿಂತ ಕಡಿಮೆ, ಆಟದಲ್ಲಿ ಫ್ರೇಮ್ ಜಾಸ್ತಿ. 2024ರ ನವೆಂಬರಿನ 9800ಎಕ್ಸ್3ಡಿಯಲ್ಲಿ ಕ್ಯಾಶ್ ಕೆಳಗೆ ಹೋಯಿತು, ಕೋರ್ ಮೇಲೆ ಬಂತು. ಕೂಲರ್‌ಗೆ ಹತ್ತಿರವಾದದ್ದರಿಂದ ಬಡಿತವನ್ನೂ ಏರಿಸಲಾಯಿತು.

ಗ್ರಾಫಿಕ್ಸ್ ಕಾರ್ಡ್ ಸಾಧಾರಣದ್ದಾಗಿದ್ದರೆ, ಅಥವಾ 4ಕೆ ಪರದೆಯಲ್ಲಿ ಆಡುವವರಾದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ. ಆಟವಾಡದವರಿಗೆ ಆ ಹೆಚ್ಚುವರಿ ದುಡ್ಡು ದಂಡ.

ಇಂಟೆಲ್‌ನ 13, 14ನೇ ತಲೆಮಾರಿನ ಚಿಪ್ ಕೆಡುತ್ತದಂತೆ. ಈಗ ಕೊಳ್ಳಬಹುದೇ?

ಸಮಸ್ಯೆ ನಿಜ. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದ ಮೈಕ್ರೋಕೋಡ್‌ನಿಂದಾಗಿ (ಚಿಪ್‌ನ ಒಳಗಿನ ನಿಯಂತ್ರಣ ತಂತ್ರಾಂಶ) ಚಿಪ್‌ನೊಳಗಿನ ಗಡಿಯಾರದ ಸರ್ಕ್ಯೂಟ್ ಕ್ರಮೇಣ ಸವೆಯುತ್ತಿತ್ತು, ಆಟಗಳು ನಡುವೆಯೇ ಕುಸಿಯುತ್ತಿದ್ದವು. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಸರಿಪಡಿಸುವ ಮೈಕ್ರೋಕೋಡ್ ಬಂತು, ಡಬ್ಬದ ಚಿಪ್‌ಗಳ ವಾರಂಟಿ ಎರಡು ವರ್ಷ ಹೆಚ್ಚಾಯಿತು. ಆಗಲೇ ಸವೆದ ಚಿಪ್ ಮಾತ್ರ ಯಾವ ಅಪ್‌ಡೇಟ್‌ನಿಂದಲೂ ಮೊದಲಿನಂತಾಗುವುದಿಲ್ಲ. ಹೊಸದು ಕೊಂಡರೆ ಮೊದಲ ದಿನವೇ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಮಾಡಿ. ಹಿಂದೆ ಹೇಗೆ ಬಳಸಿದರೋ ತಿಳಿಯದ ಸೆಕೆಂಡ್‌ಹ್ಯಾಂಡ್ 13900ಕೆ, 14900ಕೆಗಳಿಂದ ದೂರವಿರಿ.

ಎಎಮ್‌ಡಿ ಪಂಗಡದವರು ನಗುವ ಮುನ್ನ 2023 ನೆನಪಿಸಿಕೊಳ್ಳಲಿ. ಕೆಲವು ಬೋರ್ಡುಗಳಲ್ಲಿ ವೋಲ್ಟೇಜ್ ಮಿತಿಮೀರಿ ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟು ಉಬ್ಬಿದ್ದವು. ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕುವ ಬಯಾಸ್ ತರಬೇಕಾಯಿತು.

ಎಎಮ್‌ಡಿ ಬೇಗ ಬಿಸಿಯಾಗುತ್ತದಲ್ಲವೇ?

ಇದು ಇಪ್ಪತ್ತು ವರ್ಷ ಹಳೆಯ ಮಾತು. 2001ರ ಅಥ್ಲಾನ್ ಮೇಲಿಂದ ಹೀಟ್‌ಸಿಂಕ್ ಕಿತ್ತರೆ ಹೊಗೆ ಏಳುತ್ತಿತ್ತು, ಪೆಂಟಿಯಂ 4 ತಾನೇ ನಿಧಾನವಾಗಿ ಬದುಕಿಕೊಳ್ಳುತ್ತಿತ್ತು. ಈಗ ಲೆಕ್ಕ ತಿರುಗಿದೆ. 14900ಕೆಯ ಡಬ್ಬದ ಮೇಲೆ 125 ವಾಟ್, ಜೋರಾಗಿ ಓಡುವಾಗ 253. 9800ಎಕ್ಸ್3ಡಿಯ ಮಿತಿ 162 ವಾಟ್.

ಬೆಂಚ್‌ಮಾರ್ಕ್ ಅಂಕಿಗಳನ್ನು ನಂಬಬಹುದೇ?

ಚಿಪ್ ಮಾರುವವರೇ ತೋರಿಸುವ ಅಂಕಿಗಳನ್ನಂತೂ ಬೇಡ. 2018ರಲ್ಲಿ 9900ಕೆ ಬರುವ ಮುನ್ನ ಇಂಟೆಲ್ ದುಡ್ಡು ಕೊಟ್ಟು ಮಾಡಿಸಿದ ಒಂದು ಪರೀಕ್ಷೆಯಲ್ಲಿ ಎದುರಾಳಿ ರೈಜೆನ್‌ನ ಅರ್ಧ ಕೋರ್‌ಗಳೇ ಆಫ್ ಆಗಿದ್ದವು. «ಗೇಮ್ ಮೋಡ್» ಎಂಬ ಹೆಸರು ನೋಡಿ ಆನ್ ಮಾಡಿದ್ದರಂತೆ. ಗದ್ದಲವಾದಮೇಲೆ ಮರುಪರೀಕ್ಷೆ ನಡೆಯಿತು. ಅದೇ ವರ್ಷ ಜೂನಿನಲ್ಲಿ ಇಂಟೆಲ್ 28 ಕೋರ್ ಚಿಪ್ಪನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿತು. ಮೇಜಿನ ಕೆಳಗೆ ಕಾರ್ಖಾನೆಗಳಲ್ಲಿ ಬಳಸುವಂಥ ನೀರು ತಣಿಸುವ ಯಂತ್ರ ಅಡಗಿತ್ತು.

ಎಎಮ್‌ಡಿ ಕೂಡ ತನಗೆ ಒಗ್ಗುವ ಆಟಗಳನ್ನೇ ಆರಿಸಿ ತೋರಿಸುತ್ತದೆ. ಸ್ವತಂತ್ರ ವಿಮರ್ಶಕರು ಮೂರು ನಾಲ್ಕು ಮಂದಿಯನ್ನು ನೋಡಿ. ಅದರಲ್ಲೂ ನೀವು ನಿತ್ಯ ಬಳಸುವ ತಂತ್ರಾಂಶದ ಫಲಿತಾಂಶ ಮಾತ್ರ ನೋಡಿ.

ಮದರ್‌ಬೋರ್ಡ್ ಉಳಿಸಿಕೊಂಡು ಚಿಪ್ ಮಾತ್ರ ಬದಲಿಸಬಹುದೇ?

ಈ ವಿಷಯದಲ್ಲಿ ಎಎಮ್‌ಡಿ ಮೇಲು. 2017ರ ಎಎಂ4 ಸಾಕೆಟ್‌ನ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಹಾಕಿ 2022ರ 5800ಎಕ್ಸ್3ಡಿ ಕೂರಿಸಿದವರಿದ್ದಾರೆ. ಇಂಟೆಲ್ ಸಾಮಾನ್ಯವಾಗಿ ಎರಡು ತಲೆಮಾರಿಗೊಮ್ಮೆ ಬೋರ್ಡ್ ಬದಲಿಸುತ್ತದೆ. 8700ಕೆಗಂತೂ ಸಾಕೆಟ್‌ನ ಪಿನ್ ಸಂಖ್ಯೆ ಅಷ್ಟೇ ಇದ್ದರೂ ಹಿಂದಿನ ಬೋರ್ಡ್ ನಡೆಯಲಿಲ್ಲ.

ಎಎಮ್‌ಡಿಯ ಈ ಔದಾರ್ಯಕ್ಕೂ ಗ್ರಾಹಕರ ಕೂಗು ಬೇಕಾಯಿತು. 2020ರಲ್ಲಿ 400 ಸರಣಿಯ ಬೋರ್ಡುಗಳಿಗೆ ಹೊಸ ಜೆನ್ 3 ಇಲ್ಲ ಎಂದಿತ್ತು. ಜನ ಸಿಟ್ಟಾದಮೇಲೆ ಮಾತು ಹಿಂತೆಗೆದುಕೊಂಡಿತು. ಬೆಲೆಯ ಕಥೆಯೂ ಹಾಗೇ. 199 ಡಾಲರಿನ ರೈಜೆನ್ 5 3600ರ ಜಾಗಕ್ಕೆ 2020ರ ಕೊನೆಗೆ ಬಂದ ಆರು ಕೋರ್ ಚಿಪ್ಪು 5600ಎಕ್ಸ್. ಬೆಲೆ 299. ಆ ಹೊತ್ತಿಗೆ ಎದುರಾಳಿ ಸೊರಗಿದ್ದ. 199 ಡಾಲರಿನ 5600 ಬಂದದ್ದು 2022ರ ಏಪ್ರಿಲ್‌ನಲ್ಲಿ, ಇಂಟೆಲ್‌ನ 12ನೇ ತಲೆಮಾರಿನ ಅಗ್ಗದ ಚಿಪ್‌ಗಳು ಬಂದು ಹೊಡೆದಮೇಲೆ.

ಕೊನೆಗೆ ಯಾವುದನ್ನು ಕೊಳ್ಳಲಿ?

ಆಟವೇ ಮುಖ್ಯ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದೆ: ಎಎಮ್‌ಡಿ ಎಕ್ಸ್3ಡಿ. ಬರವಣಿಗೆ, ಬ್ರೌಸರ್, ಲೆಕ್ಕಪತ್ರ: ಎರಡೂ ಕಂಪನಿಯ ಅಗ್ಗದ ಚಿಪ್ ಸಾಕು, ಉಳಿದ ದುಡ್ಡನ್ನು ಎಸ್‌ಎಸ್‌ಡಿ ಮತ್ತು ರ‍್ಯಾಮ್‌ಗೆ ಹಾಕಿ. ವಿಡಿಯೊ ಎಡಿಟಿಂಗ್ ಮಾಡುವವರು ಇಂಟೆಲ್‌ನ ಒಳಗಿರುವ ಗ್ರಾಫಿಕ್ಸ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ, ಕೆಲವು ಬಗೆಯ ವಿಡಿಯೊ ಬಿಡಿಸುವುದರಲ್ಲಿ ಅದು ಗಟ್ಟಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಕಂಪ್ಯೂಟರ್ ಜೋಡಿಸುವವರು ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದೆಯೇ ನೋಡಿಕೊಳ್ಳಿ. ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ.

ಆರ್ಮ್ ಚಿಪ್‌ಗಳು ಬಂದು ಇಬ್ಬರನ್ನೂ ಮುಗಿಸುತ್ತವೆಯೇ?

ಆರ್ಮ್ ಎಂದರೆ ಎಕ್ಸ್86 ಅಲ್ಲದ ಇನ್ನೊಂದು ಆದೇಶಗಳ ಭಾಷೆ. ಲ್ಯಾಪ್‌ಟಾಪಿನಲ್ಲಿ ಅದರ ಬಿಸಿ ತಟ್ಟಿದೆ. 2020ರಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1ಗೆ ಹೊರಳಿತು, 2024ರಲ್ಲಿ ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ವಿಂಡೋಸ್ ಲ್ಯಾಪ್‌ಟಾಪುಗಳಿಗೆ ಬಂತು. ಬಿಡಿಭಾಗ ಕೊಂಡು ಜೋಡಿಸುವ ಡೆಸ್ಕ್‌ಟಾಪಿನಲ್ಲಿ, ಅದರಲ್ಲೂ ಆಟದ ಲೋಕದಲ್ಲಿ, ಎಕ್ಸ್86 ಇನ್ನೂ ಅಲುಗಿಲ್ಲ.

ಇಂಟೆಲ್, ಎಎಮ್‌ಡಿ ಒಂದೇ ಪಕ್ಷದಲ್ಲಿ ನಿಂತದ್ದೇ ಇಲ್ಲವೇ?

ಇದೆ. 2018ರಲ್ಲಿ ಇಂಟೆಲ್ ಪ್ರೊಸೆಸರ್ ಮತ್ತು ಎಎಮ್‌ಡಿ ಗ್ರಾಫಿಕ್ಸ್ ಒಂದೇ ಹಲಗೆಯ ಮೇಲಿದ್ದ ಚಿಪ್ಪೊಂದು ಮಾರಾಟಕ್ಕಿತ್ತು. 2024ರ ಅಕ್ಟೋಬರಿನಲ್ಲಿ ಇಬ್ಬರೂ ಸೇರಿ ಎಕ್ಸ್86 ಭಾಷೆ ಎರಡು ದಿಕ್ಕಿಗೆ ಒಡೆಯದಂತೆ ನೋಡಿಕೊಳ್ಳಲು ಒಂದು ಸಲಹಾ ಗುಂಪು ಕಟ್ಟಿದರು. ಆಗ ಇಂಟೆಲ್ ಮುಖ್ಯಸ್ಥರಾಗಿದ್ದ ಪ್ಯಾಟ್ ಗೆಲ್ಸಿಂಗರ್ ಎರಡೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಗುಂಪು ಉಳಿದುಕೊಂಡಿದೆ.